ಕೂಸು ಮೈಗಿರಲಿ, ನೋವು ಬೇಡ

ಬೆಳಗಿನ ಏಳು ಗಂಟೆ. ಜನವರಿ ತಿಂಗಳು. ಕುಟ್ಟದ ತೋಟಗಳ ಮೇಲೆ ಮಂಜು ಕವಿದಿದೆ. ರೊಬಸ್ಟಾ ಕಾಫಿ ಹಣ್ಣಾಗಿದೆ. ಕೊಯ್ಲು ಶುರುವಾಗಿದೆ. ಲೈನ್ ಮನೆಗಳಿಂದ ಹೆಂಗಸರು ಸಾಲಾಗಿ ಹೊರಟಿದ್ದಾರೆ. ಒಬ್ಬರ ಹೆಗಲ ಮೇಲೆ ಖಾಲಿ ಚೀಲ. ಇನ್ನೊಬ್ಬರ ಕೈಯಲ್ಲಿ ಬುತ್ತಿ. ಅವರ ನಡುವೆ ಒಬ್ಬ ತಾಯಿ. ಅವಳ ಹೆಗಲಿಗೆ ಒಂದು ಹಳೆಯ ಬಟ್ಟೆ ಕಟ್ಟಿದೆ. ಬಟ್ಟೆಯೊಳಗೆ ಎಂಟು ತಿಂಗಳ ಕೂಸು.

ನಾವೂ ಅವಳ ಜೊತೆ ನಡೆದೆವು. ಅವಳು ಒಂದು ಕೈಯನ್ನು ಸೊಂಟದ ಹಿಂದೆ ಒತ್ತಿ ಹಿಡಿದಿದ್ದಳು.

"ಏನಕ್ಕಾ, ಸೊಂಟ ನೋವಾ?" ಎಂದು ಕೇಳಿದೆವು.

"ನೋವಿಲ್ಲದ ದಿನ ಯಾವುದು ಹೇಳಿ? ಹೆತ್ತ ಮೇಲೆ ಇದ್ದದ್ದೇ" ಎಂದಳು.

ಹೆತ್ತ ಮೇಲೆ ಇದ್ದದ್ದೇ. ಈ ಮಾತನ್ನು ನಾವು ಎಷ್ಟು ಕಡೆ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ಈ ಮಾತು ಪೂರ್ತಿ ನಿಜವಲ್ಲ. ಆ ದಿನ ನಾವು ಅವಳ ಬಟ್ಟೆಯ ಗಂಟನ್ನು ನೋಡಿದೆವು. ಗಂಟು ಕತ್ತಿನ ಬುಡದಲ್ಲೇ ಇತ್ತು. ಬಟ್ಟೆ ಹಗ್ಗದ ಹಾಗೆ ಸುರುಳಿಯಾಗಿತ್ತು. ಕೂಸು ಅವಳ ತೊಡೆಯ ಹತ್ತಿರ ಜೋತಾಡುತ್ತಿತ್ತು. ಅವಳ ನೋವಿನಲ್ಲಿ ಅರ್ಧ ಪಾಲು ಆ ಗಂಟಿನದು.

ಕೂಸನ್ನು ಯಾಕೆ ಹೊರಬೇಕು?

"ಮನೆಯಲ್ಲೇ ಬಿಟ್ಟು ಬರಬಾರದಾ?" ಎಂದು ಕೆಲವರು ಸುಲಭವಾಗಿ ಕೇಳ್ತಾರೆ. ಎಲ್ಲಿ ಬಿಡೋದು? ಅತ್ತೆಯೂ ಕೂಲಿಗೆ ಹೋಗ್ತಾಳೆ. ಗಂಡನೂ ಹೋಗ್ತಾನೆ. ಮೊದಲೆಲ್ಲ ತೋಟದಲ್ಲಿ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟುತ್ತಿದ್ದರು. ಕೂಸನ್ನು ಅದರಲ್ಲಿ ಮಲಗಿಸಿ ಕೊಯ್ಲು ಮಾಡುತ್ತಿದ್ದರು. ಈಗಲೂ ಕೆಲವರು ಹಾಗೆ ಮಾಡ್ತಾರೆ. ಆದರೆ ಮನಸ್ಸು ಕೂಸಿನ ಕಡೆಗೇ ಇರುತ್ತದೆ.

ಕುಟ್ಟ ಗಡಿಯ ಊರು. ಈಚೆ ಕೊಡಗು, ಆಚೆ ಕೇರಳದ ವಯನಾಡು. ಪಕ್ಕದಲ್ಲೇ ನಾಗರಹೊಳೆಯ ಕಾಡು. ಆನೆ ತೋಟಕ್ಕೆ ಬರುವುದು ಇಲ್ಲಿ ಹೊಸದಲ್ಲ. ಹುಲಿಯೂ ಬರ್ತದೆ. 2023ರ ಫೆಬ್ರುವರಿಯಲ್ಲಿ ಕುಟ್ಟದ ಹತ್ತಿರ ಹುಲಿ ಎರಡು ದಿನದಲ್ಲಿ ಇಬ್ಬರನ್ನು ಕೊಂದಿತು. ಅದೂ ಕಾಫಿ ಕೊಯ್ಲಿನ ಕಾಲ. ಅಂಥ ಜಾಗದಲ್ಲಿ ಕೂಸನ್ನು ಜೋಲಿಯಲ್ಲಿ ಬಿಟ್ಟು ನಾಲ್ಕು ಸಾಲು ಆಚೆ ಹೋಗಲು ಯಾವ ತಾಯಿಗೆ ಧೈರ್ಯ ಬರ್ತದೆ? ಕೂಸು ಮೈಗೆ ಅಂಟಿಕೊಂಡಿದ್ದರೆ ಜೀವಕ್ಕೆ ಸಮಾಧಾನ. ಓಡಬೇಕಾದರೂ ಓಡಬಹುದು.

ಕೂಸನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು ನಾಚಿಕೆಯ ಕೆಲಸವಲ್ಲ. ಇದು ಬಡವರ ಕೆಲಸ ಮಾತ್ರವೂ ಅಲ್ಲ. ಈಚೆಗೆ ಅಸ್ಸಾಮಿನಿಂದ ಕೊಡಗಿನ ತೋಟಗಳಿಗೆ ಕೆಲಸಕ್ಕೆ ಬರುವವರಿದ್ದಾರೆ. ಅವರ ಊರಿನ ಚಹಾ ತೋಟಗಳಲ್ಲಿ ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ತಾರೆ. ಬೈಲುಕುಪ್ಪೆಯಲ್ಲಿ ಟಿಬೆಟಿನವರಿದ್ದಾರೆ. ಅವರಲ್ಲೂ ಬೆನ್ನಿಗೆ ಕಟ್ಟುವ ರೂಢಿ ಇದೆ. ದೂರದ ಕೀನ್ಯಾ, ತಾಂಜಾನಿಯಾ ದೇಶಗಳಲ್ಲಿ ಇದಕ್ಕೆ 'ಕಾಂಗಾ' ಎಂಬ ಬಣ್ಣದ ಬಟ್ಟೆಯನ್ನು ಬಳಸ್ತಾರೆ. ಪೇಟೆಯ ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಪಟ್ಟಿ, ಬಕಲ್ ಹಾಕಿದ ಚೀಲ ಮಾರ್ತಾರೆ. ಸಾವಿರಾರು ರೂಪಾಯಿ ಬೆಲೆ. ನಮ್ಮ ಸೀರೆ ಮಾಡುವ ಕೆಲಸವನ್ನೇ ಅದೂ ಮಾಡ್ತದೆ.

ಒಂದು ಚೊಂಬು ನೀರಿನ ಪಾಠ

ಈಗ ಒಂದು ಪರೀಕ್ಷೆ ಮಾಡೋಣ. ಓದುವುದನ್ನು ನಿಲ್ಲಿಸಿ. ಒಂದು ಚೊಂಬು ತುಂಬ ನೀರು ತನ್ನಿ. ಚೊಂಬನ್ನು ಎದೆಗೆ ಒತ್ತಿ ಹಿಡಿಯಿರಿ. ಇಪ್ಪತ್ತರವರೆಗೆ ಎಣಿಸಿ. ಏನೂ ಆಗಲಿಲ್ಲ, ಅಲ್ವಾ?

ಈಗ ಅದೇ ಚೊಂಬನ್ನು ಕೈ ನೀಟಾಗಿ ಮುಂದೆ ಚಾಚಿ ಹಿಡಿಯಿರಿ. ಮತ್ತೆ ಇಪ್ಪತ್ತು ಎಣಿಸಿ. ಹತ್ತಕ್ಕೇ ಕೈ ನಡುಗ್ತದೆ. ಹೆಗಲು ಎಳೀತದೆ. ಸೊಂಟ ಹಿಂದಕ್ಕೆ ಬಾಗ್ತದೆ.

ನೀರು ಹೆಚ್ಚಾಯಿತೇ? ಇಲ್ಲ. ಚೊಂಬು ಅದೇ, ನೀರೂ ಅದೇ. ಭಾರ ಮೈಯಿಂದ ದೂರ ಹೋಯಿತು, ಅಷ್ಟೇ. ಭಾರ ದೂರ ಹೋದಷ್ಟೂ ಬೆನ್ನು ಹೆಚ್ಚು ದುಡಿಯಬೇಕು.

ಕೂಸೂ ಹಾಗೆಯೇ. ಹುಟ್ಟಿದಾಗ ಕೂಸು ಸುಮಾರು 3 ಕಿಲೋ ಇರುತ್ತದೆ. ಆರು ತಿಂಗಳಿಗೆ 6ರಿಂದ 7 ಕಿಲೋ. ವರ್ಷ ತುಂಬುವಾಗ ಸುಮಾರು 9 ಕಿಲೋ. ಒಂಬತ್ತು ಕಿಲೋ ಅಂದರೆ ಒಂದು ಸಣ್ಣ ಬಿಂದಿಗೆ ನೀರು. ಮೈಗೆ ಅಂಟಿದ್ದರೆ ಅದನ್ನು ಹೊತ್ತು ನಡೆಯಬಹುದು. ಸಡಿಲವಾಗಿ ಜೋತಾಡುತ್ತಿದ್ದರೆ ಸೊಂಟ ಮುರೀತದೆ.

ಇನ್ನೊಂದು ಕಾರಣವೂ ಇದೆ. ಬಸಿರಿನಲ್ಲಿ ಹೊಟ್ಟೆಯ ಸ್ನಾಯುಗಳು ಹಿಗ್ಗಿರುತ್ತವೆ. ಸೊಂಟದ ಕೀಲುಗಳು ಸಡಿಲವಾಗಿರುತ್ತವೆ. ಹೆರಿಗೆಯಾದ ಕೂಡಲೇ ಅವು ಬಿಗಿಯಾಗುವುದಿಲ್ಲ. ಕೆಲವು ತಿಂಗಳು ಬೇಕು. ಬೆನ್ನಿಗೆ ಮುಂದಿನಿಂದ ಆಸರೆ ಕೊಡುವುದು ಹೊಟ್ಟೆಯ ಸ್ನಾಯು. ಅದು ಸೋತಿದ್ದರೆ ಎಲ್ಲ ಭಾರ ಬೆನ್ನಿನ ಮೇಲೆಯೇ. ಅದಕ್ಕೇ ಬಾಣಂತಿಗೆ ಹಿರಿಯರು ಭಾರ ಎತ್ತಬೇಡ ಅಂತಿದ್ದರು. ಅದು ಸರಿಯಾದ ಮಾತು. ಆಪರೇಷನ್ ಮಾಡಿ ಹೆರಿಗೆ ಆಗಿದ್ದರೆ ಆರು ವಾರದವರೆಗೆ ಕೂಸಿಗಿಂತ ಭಾರವಾದ ಏನನ್ನೂ ಎತ್ತಬಾರದು. ಆ ಹೊತ್ತಿನಲ್ಲಿ ಬಿಂದಿಗೆಯನ್ನು ಗಂಡಸರು ಹೊರಲಿ. ಅವರ ಸೊಂಟಕ್ಕೆ ಏನೂ ಆಗಿಲ್ಲವಲ್ಲ!

ಎಂಥ ಬಟ್ಟೆ?

ಹತ್ತಿ ಬಟ್ಟೆ ಒಳ್ಳೆಯದು. ನೈಲಾನ್, ಪಾಲಿಯೆಸ್ಟರ್ ಸೀರೆಯ ಗಂಟು ಜಾರ್ತದೆ. ಬೆವರನ್ನೂ ಹೀರುವುದಿಲ್ಲ. ತೀರಾ ಹಳೆಯ ಸೀರೆ ಬೇಡ. ಬೆಳಕಿಗೆ ಹಿಡಿದು ನೋಡಿ. ಎಳೆ ಬಿಟ್ಟಿದ್ದರೆ, ತೂತಿದ್ದರೆ ಅದು ಒರೆಸುವ ಬಟ್ಟೆ ಆಗಲಿ. ಬಟ್ಟೆಯ ಎರಡು ತುದಿ ಹಿಡಿದು ಇಬ್ಬರು ಜೋರಾಗಿ ಎಳೆದು ನೋಡಿ. ಹರಿಯುವುದಾದರೆ ಅಲ್ಲೇ ಹರಿಯಲಿ, ಕೂಸು ಒಳಗಿದ್ದಾಗ ಬೇಡ.

ಒಂದು ಹೆಗಲಿಗೆ ಕಟ್ಟಲು ಅರ್ಧ ಸೀರೆ ಸಾಕು. ಎರಡು ಹೆಗಲಿಗೆ ಕಟ್ಟಲು ಇಡೀ ಸೀರೆ ಬೇಕು.

ಒಂದು ಹೆಗಲಿನ ಕಟ್ಟು

ಇದು ಕತ್ತು ನಿಂತ ಕೂಸಿಗೆ. ಅಂದರೆ ನಾಲ್ಕು ತಿಂಗಳು ದಾಟಿ ತಲೆಯನ್ನು ತಾನೇ ಗಟ್ಟಿಯಾಗಿ ಹಿಡಿಯುವ ಕೂಸಿಗೆ.

ಬಟ್ಟೆಯನ್ನು ಬಲ ಹೆಗಲ ಮೇಲೆ ಹಾಕಿ. ಎರಡು ತುದಿಗಳನ್ನು ಎಡ ಸೊಂಟದ ಹತ್ತಿರ ತನ್ನಿ. ಎರಡು ಸಲ ಗಂಟು ಹಾಕಿ. ಆಮೇಲೆ ಬಟ್ಟೆಯನ್ನು ಸುತ್ತ ಎಳೆದು ಗಂಟನ್ನು ಎದೆಯ ಮುಂದೆ, ಹೆಗಲಿನ ಕೆಳಗೆ ತನ್ನಿ. ಗಂಟು ಕತ್ತಿನ ಬುಡದಲ್ಲಿ ಇರಬಾರದು. ಬೆನ್ನುಮೂಳೆಯ ಮೇಲೂ ಇರಬಾರದು. ಕಣ್ಣಿಗೆ ಕಾಣುವ ಜಾಗದಲ್ಲಿದ್ದರೆ ಸಡಿಲವಾದದ್ದು ಗೊತ್ತಾಗ್ತದೆ.

ಈಗ ಹೆಗಲ ಮೇಲಿನ ಬಟ್ಟೆಯನ್ನು ಬಿಡಿಸಿ. ರವಿಕೆಯ ತೋಳಿನ ಹಾಗೆ ಅದು ಹೆಗಲನ್ನು ಪೂರ್ತಿ ಮುಚ್ಚಬೇಕು. ಬೆನ್ನ ಮೇಲೂ ಅಗಲವಾಗಿ ಹರಡಬೇಕು. ಇದು ದೊಡ್ಡ ಗುಟ್ಟು. ಸುರುಳಿಯಾದ ಬಟ್ಟೆ ಹಗ್ಗದ ಹಾಗೆ ಕೊರೀತದೆ. ಹರಡಿದ ಬಟ್ಟೆ ಭಾರವನ್ನು ಹಂಚ್ತದೆ.

ಕೂಸನ್ನು ಎಡ ಸೊಂಟದ ಮೇಲೆ ಕೂರಿಸಿ. ಬಟ್ಟೆ ಕೂಸಿನ ಕುಂಡೆಯ ಕೆಳಗೆ ಬರಲಿ. ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಹರಡಲಿ. ಮೇಲಿನ ಅಂಚು ಕೂಸಿನ ಕಂಕುಳವರೆಗೆ ಬರಲಿ. ಕೂಸಿನ ಮಂಡಿ ಕುಂಡೆಗಿಂತ ಸ್ವಲ್ಪ ಮೇಲಿರಬೇಕು. ಕಪ್ಪೆ ಕೂತ ಹಾಗೆ ಕಾಲು ಅಗಲವಾಗಿರಬೇಕು. ಕಾಲುಗಳನ್ನು ಜೋಡಿಸಿ ನೇರವಾಗಿ ಬಿಗಿದರೆ ಎಳೆಯ ಕೂಸಿನ ತೊಡೆಯ ಕೀಲಿಗೆ ಒಳ್ಳೆಯದಲ್ಲ.

ಕೊನೆಗೆ ಒಂದು ಅಳತೆ. ನೀವು ತಲೆ ಬಗ್ಗಿಸಿದರೆ ಕೂಸಿನ ನೆತ್ತಿಗೆ ಮುತ್ತು ಕೊಡಲು ಆಗಬೇಕು. ಆಗದಿದ್ದರೆ ಕೂಸು ಬಹಳ ಕೆಳಗಿದೆ. ಬಿಚ್ಚಿ, ಮತ್ತೆ ಮೇಲಕ್ಕೆ ಕಟ್ಟಿ.

ಒಂದೇ ಹೆಗಲಿಗೆ ದಿನವಿಡೀ ಬೇಡ. ಅರ್ಧ ಗಂಟೆಗೊಮ್ಮೆ ಹೆಗಲು ಬದಲಿಸಿ. ನಾವು ಹೆಂಗಸರು ಸಾಮಾನ್ಯವಾಗಿ ಎಡ ಸೊಂಟಕ್ಕೇ ಕೂಸನ್ನು ಹಾಕ್ತೇವೆ. ಬಲಗೈ ಕೆಲಸಕ್ಕೆ ಬೇಕಲ್ಲ. ಅದರಿಂದ ಸೊಂಟ ಒಂದೇ ಕಡೆ ವಾಲ್ತದೆ. ಬಲಕ್ಕೆ ಹಾಕಿದರೆ ಮೊದಲು ಎರಡು ದಿನ ಬೇರೆಯವರ ಕೂಸನ್ನು ಹೊತ್ತ ಹಾಗೆ ಅನಿಸ್ತದೆ. ಆಮೇಲೆ ರೂಢಿಯಾಗ್ತದೆ.

ಬೆನ್ನಿನ ಕಟ್ಟು

ದೂರ ನಡೆಯಲು ಇದೇ ಒಳ್ಳೆಯದು. ಭಾರ ಎರಡೂ ಹೆಗಲಿಗೆ ಮತ್ತು ಸೊಂಟಕ್ಕೆ ಹಂಚಿ ಹೋಗ್ತದೆ. ಆದರೆ ಕೂಸು ತಾನೇ ಕೂರುವಂತೆ ಆಗಿರಬೇಕು. ಅಂದರೆ ಆರು ತಿಂಗಳಾದರೂ ಆಗಿರಬೇಕು.

ಮೊದಲ ಹತ್ತು ಸಲ ಇನ್ನೊಬ್ಬರ ಸಹಾಯ ತಗೊಳ್ಳಿ. ಚಾಪೆಯ ಮೇಲೆ ಕೂತು ಕಲಿಯಿರಿ. ಬಿದ್ದರೂ ಎತ್ತರದಿಂದ ಬೀಳಬಾರದು.

ನೀವು ಸ್ವಲ್ಪ ಮುಂದಕ್ಕೆ ಬಾಗಿ. ಇನ್ನೊಬ್ಬರು ಕೂಸನ್ನು ನಿಮ್ಮ ಬೆನ್ನ ಮೇಲೆ, ಎತ್ತರದಲ್ಲಿ ಇಡಲಿ. ಸೀರೆಯ ನಡುಭಾಗವನ್ನು ಕೂಸಿನ ಬೆನ್ನಿಗೆ ಹಾಕಲಿ. ಮೇಲಿನ ಅಂಚು ಕೂಸಿನ ಕಂಕುಳಿಗಿಂತ ಮೇಲಿರಲಿ. ಕೆಳಗಿನ ಅಂಚನ್ನು ಕುಂಡೆಯ ಕೆಳಗೆ, ನಿಮ್ಮ ಬೆನ್ನಿಗೂ ಕೂಸಿಗೂ ನಡುವೆ ಚೆನ್ನಾಗಿ ಸಿಕ್ಕಿಸಲಿ. ಸೀರೆಯ ಎರಡು ತುದಿಗಳು ನಿಮ್ಮ ಎರಡು ಹೆಗಲ ಮೇಲಿಂದ ಮುಂದೆ ಬರಲಿ. ಶಾಲೆಯ ಮಕ್ಕಳ ಚೀಲದ ಪಟ್ಟಿ ಇರ್ತದಲ್ಲ, ಹಾಗೆ. ಬಿಗಿಯಾಗಿ ಎಳೆಯಿರಿ. ಆ ತುದಿಗಳನ್ನು ಕಂಕುಳ ಕೆಳಗಿನಿಂದ ಹಿಂದಕ್ಕೆ ಕಳಿಸಿ. ಕೂಸಿನ ಕುಂಡೆಯ ಕೆಳಗೆ ಒಂದರ ಮೇಲೊಂದು ದಾಟಿಸಿ. ಕೂಸಿನ ಕಾಲುಗಳ ಕೆಳಗಿನಿಂದ ಮುಂದಕ್ಕೆ ತನ್ನಿ. ಹೊಟ್ಟೆಯ ಮುಂದೆ ಎರಡು ಗಂಟು ಹಾಕಿ.

ಈ ಗಂಟು ಸೊಂಟದ ಮೂಳೆಗೆ ಒರಗಿದರೆ ಭಾರ ಕಾಲಿಗೆ ಇಳೀತದೆ. ಕಾಲು ಗಟ್ಟಿ ಜಾಗ. ಬೆನ್ನಿಗಿಂತ ಚೆನ್ನಾಗಿ ಭಾರ ತಡೀತದೆ. ಕೊಡವ ಅಕ್ಕಂದಿರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಹಾಕಿ ಉಡ್ತಾರೆ. ಅವರು ಕೂಸನ್ನು ನೆರಿಗೆಯ ದಪ್ಪಕ್ಕಿಂತ ಮೇಲೆ ಕೂರಿಸಬೇಕು. ಇಲ್ಲದಿದ್ದರೆ ಕೂಸು ಮೈಯಿಂದ ದೂರ ಹೋಗ್ತದೆ. ಚೊಂಬು ನೆನಪಿದೆಯಲ್ಲ?

ಉಸಿರು, ಉಸಿರು, ಉಸಿರು

ಸೊಂಟ ನೋವಿನಿಂದ ಯಾರೂ ಸಾಯುವುದಿಲ್ಲ. ಆದರೆ ತಪ್ಪಾಗಿ ಕಟ್ಟಿದ ಬಟ್ಟೆಯಲ್ಲಿ ಎಳೆಗೂಸು ಉಸಿರು ಕಟ್ಟಿ ಸಾಯಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ. 2010ರಲ್ಲಿ ಅಮೆರಿಕದ ಸರ್ಕಾರ ಅಲ್ಲಿನ ತಾಯಂದಿರಿಗೆ ಎಚ್ಚರಿಕೆ ಕೊಟ್ಟಿತು. ಇಪ್ಪತ್ತು ವರ್ಷಗಳಲ್ಲಿ ಇಂಥ ಜೋಳಿಗೆಗಳಿಂದ ಕಡೇಪಕ್ಷ 14 ಕೂಸುಗಳು ಸತ್ತಿದ್ದವು. ಅವುಗಳಲ್ಲಿ 12 ಕೂಸುಗಳಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಹೇಗೆ ಉಸಿರು ಕಟ್ತದೆ? ಎಳೆಗೂಸಿನ ಕತ್ತು ಬಲವಾಗಿರುವುದಿಲ್ಲ. ಜೋಳಿಗೆಯಲ್ಲಿ ಮುದುಡಿ ಮಲಗಿದಾಗ ಗದ್ದ ಎದೆಗೆ ತಾಗ್ತದೆ. ಆಗ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ. ಅಥವಾ ಮೂಗು ಬಟ್ಟೆಗೆ ಒತ್ತಿಕೊಳ್ಳುತ್ತದೆ. ಕೂಸು ಅಳುವುದೂ ಇಲ್ಲ. ಸುಮ್ಮನೆ ಮಲಗಿದೆ ಅಂತ ತಾಯಿ ತಿಳೀತಾಳೆ.

ಅದಕ್ಕೇ ನಾಲ್ಕು ತಿಂಗಳೊಳಗಿನ ಕೂಸನ್ನು ಜೋಳಿಗೆಯಲ್ಲಿ ಮುದುಡಿ ಮಲಗಿಸಬೇಡಿ. ನಿಮ್ಮ ಎದೆಗೆ ನೆಟ್ಟಗೆ ಒರಗಿಸಿ, ಬೆನ್ನಿಗೆ ಆಸರೆಯಾಗುವಂತೆ ಕಟ್ಟಿ. ಕೂಸಿನ ಗದ್ದ ಮತ್ತು ಎದೆಯ ನಡುವೆ ನಿಮ್ಮ ಎರಡು ಬೆರಳು ಹಿಡಿಯುವಷ್ಟು ಜಾಗ ಇರಬೇಕು. ಮುಖ ಯಾವಾಗಲೂ ಕಾಣುತ್ತಿರಬೇಕು. ಮುಖದ ಮೇಲೆ ಸೆರಗು ಹಾಕಬೇಡಿ. ಜೂನ್ ತಿಂಗಳಿಂದ ಇಲ್ಲಿ ಮಳೆ ಬಿಡದೆ ಹೊಡೀತದೆ. ಎಲ್ಲರೂ ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದು ನಡೀತಾರೆ. ಕೂಸಿನ ಮುಖಕ್ಕೆ ಮಾತ್ರ ಪ್ಲಾಸ್ಟಿಕ್ ತಾಗಲೇಬಾರದು. ಕೊಡೆ ಹಿಡಿಯಿರಿ.

ದಿನ ತುಂಬದೆ ಹುಟ್ಟಿದ ಕೂಸು, ಎರಡೂವರೆ ಕಿಲೋಗಿಂತ ಕಡಿಮೆ ಇರುವ ಕೂಸು, ನೆಗಡಿಯಿಂದ ಮೂಗು ಕಟ್ಟಿದ ಕೂಸು, ಇವುಗಳನ್ನು ಕಟ್ಟಿಕೊಳ್ಳುವ ಮುಂಚೆ ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಿ. ಕಡಿಮೆ ತೂಕದ ಕೂಸಿಗೆ ಆಸ್ಪತ್ರೆಯಲ್ಲೇ ಒಂದು ಬಗೆಯ ಕಟ್ಟು ಹೇಳಿಕೊಡ್ತಾರೆ. ಕೂಸಿಗೆ ಟೋಪಿ ಹಾಕಿ, ಬರಿ ಮೈಯಲ್ಲಿ ತಾಯಿಯ ಎದೆಗೆ ಒರಗಿಸಿ ಕಟ್ಟುವುದು. ಇದನ್ನು ಕಾಂಗರೂ ಆರೈಕೆ ಅಂತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ಡಾಕ್ಟರು ಇದನ್ನು ಶುರುಮಾಡಿದರು. ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಅವರ ಆಸ್ಪತ್ರೆಯಲ್ಲಿ ಸಾಕಷ್ಟಿರಲಿಲ್ಲ. ತಾಯಿಯ ಮೈಯೇ ಆ ಕೆಲಸ ಮಾಡಿತು. ಈಗ ಲೋಕವೆಲ್ಲ ಅದನ್ನು ಒಪ್ಪಿದೆ.

ತೋಟದಲ್ಲಿ

ಕೂಸು ಮೈಮೇಲಿದ್ದಾಗ ಸೊಂಟ ಬಗ್ಗಿಸಬೇಡಿ. ಉದುರಿದ ಹಣ್ಣು ಆಯುವುದಾದರೆ ಮಂಡಿ ಮಡಚಿ ಕುಕ್ಕರುಗಾಲಲ್ಲಿ ಕೂತು ಆಯಿರಿ. ಏಳುವಾಗ ಒಂದು ಕೈಯನ್ನು ಕೂಸಿಗೆ ಆನಿಸಿ, ಕಾಲಿನ ಬಲದಿಂದ ಏಳಿ.

ಕೂಸು ಮತ್ತು ಚೀಲ ಒಟ್ಟಿಗೆ ಬೇಡ. ಕಿಲೋ ಲೆಕ್ಕದ ಕೂಲಿ ಇದ್ದಾಗ ಆಸೆ ಆಗ್ತದೆ, ನಮಗೂ ಗೊತ್ತು. ಆದರೆ ತುಂಬಿದ ಚೀಲ ಎತ್ತುವ ಮುಂಚೆ ಕೂಸನ್ನು ಇಳಿಸಿ. ನಾಲ್ಕು ಜನ ಒಂದು ಗುಂಪಾಗಿ ಕೊಯ್ದರೆ ಒಬ್ಬರು ಎತ್ತಬಹುದು, ಒಬ್ಬರು ಕೂಸು ನೋಡಬಹುದು.

ಬೆನ್ನ ಮೇಲಿನ ಕೂಸಿಗೆ ಕಾಫಿಯ ರೆಂಬೆ ಕಣ್ಣಿಗೆ ಹೊಡೀಬಹುದು. ಗಿಡದಲ್ಲಿ ಚಿಗಳಿ ಇರುವೆ ಇರಬಹುದು. ಆದ್ದರಿಂದ ಬೆನ್ನಿನ ಕಟ್ಟು ದಾರಿ ನಡೆಯಲು. ಗಿಡದ ಒಳಗೆ ನುಗ್ಗಿ ಕೊಯ್ಯಲು ಅಲ್ಲ. ಮೆಣಸು ಕೊಯ್ಯುವ ಏಣಿಯನ್ನು ಕೂಸು ಹೊತ್ತು ಹತ್ತಲೇಬೇಡಿ. ಔಷಧಿ ಹೊಡೆಯುವ ಕಡೆಗೂ ಹೋಗಬೇಡಿ. ಮನೆಯಲ್ಲಿ ಒಲೆಯ ಮುಂದೆಯೂ ಕೂಸನ್ನು ಇಳಿಸಿಯೇ ಅಡಿಗೆ ಮಾಡಿ.

ಇಷ್ಟೆಲ್ಲ ಓದಿದ ಮೇಲೆ ನೀವು ಕೇಳಬಹುದು. "ಹಾಗಾದ್ರೆ ಕೊಯ್ಲಿನ ಹೊತ್ತಿಗೆ ಕೂಸನ್ನ ಎಲ್ಲಿಡೋದು?" ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಬಟ್ಟೆಯಲ್ಲಿ ಇಲ್ಲ. ಕಾನೂನಿನಲ್ಲಿದೆ. 1951ರಲ್ಲೇ ತೋಟ ಕಾರ್ಮಿಕರ ಕಾಯ್ದೆ ಬಂತು. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಎಂದು ಅದು ಹೇಳಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲೂ ಈ ಮಾತಿದೆ. 50ಕ್ಕಿಂತ ಹೆಚ್ಚು ಕೆಲಸಗಾರರು ಇರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ. ಗಂಡಸರು, ಹೆಂಗಸರು ಎಲ್ಲರೂ ಲೆಕ್ಕಕ್ಕೆ ಸೇರ್ತಾರೆ. ಕೂಸಿಗೆ 15 ತಿಂಗಳಾಗುವವರೆಗೆ ಹಾಲು ಕುಡಿಸಲು ದಿನಕ್ಕೆ ಎರಡು ಸಲ ಬಿಡುವು ಕೊಡಬೇಕೆಂಬ ಕಾನೂನೂ ಇದೆ. ಸಣ್ಣ ತೋಟಗಳಿಗೆ ಈ ಕೋಣೆಯ ಕಾನೂನು ತಲುಪುವುದಿಲ್ಲ. ಅಲ್ಲಿ ಅಂಗನವಾಡಿಯನ್ನು, ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ಒಬ್ಬರೇ ಕೇಳಿದರೆ ಕಿವಿಗೆ ಬೀಳುವುದಿಲ್ಲ. ಹತ್ತು ಜನ ಸಹಿ ಹಾಕಿ ಅರ್ಜಿ ಕೊಡಿ. ಈಗ ಸಹಿ ಹಾಕಲು ಬರ್ತದಲ್ಲ!

ಅಕ್ಕನ ಸೊಂಟ

ಇನ್ನೊಂದು ಮಾತು ಹೇಳಲೇಬೇಕು. ಬಹಳ ಮನೆಗಳಲ್ಲಿ ಕೂಸನ್ನು ಹೊರುವುದು ತಾಯಿಯಲ್ಲ. ಎಂಟೊಂಬತ್ತು ವರ್ಷದ ಅಕ್ಕ. ಅವಳ ತೂಕವೇ ಇಪ್ಪತ್ತು ಕಿಲೋ ಚಿಲ್ಲರೆ. ಸೊಂಟದ ಮೇಲೆ ಎಂಟು ಕಿಲೋ ತಮ್ಮ. ಅವಳು ಒಂದು ಕಡೆ ವಾಲಿ, ಸೊಂಟ ತಿರುಚಿ ನಿಂತಿರ್ತಾಳೆ. ಕೊಯ್ಲಿನ ಎರಡು ತಿಂಗಳು ಶಾಲೆ ಬಿಡ್ತಾಳೆ. ಆಮೇಲೆ ಪಾಠ ಹಿಂದೆ ಬೀಳ್ತದೆ. ಆಮೇಲೆ ಹೋಗುವುದೇ ಇಲ್ಲ. ನಮ್ಮ ಕಲಿಕಾ ಕೇಂದ್ರಕ್ಕೆ ಬಂದ ಎಷ್ಟೋ ಅಕ್ಕಂದಿರು ಅಕ್ಷರ ತಪ್ಪಿಸಿಕೊಂಡದ್ದು ಹೀಗೇ. "ತಮ್ಮನ್ನ ಎತ್ಕೊಂಡು ಶಾಲೆ ಬಾಗಿಲಲ್ಲಿ ನಿಂತು ನೋಡ್ತಿದ್ದೆ" ಎಂದು ಒಬ್ಬರು ಹೇಳಿದರು. ಆಗ ಕಲಿಯದ ಅ, ಆ, ಇ, ಈ ಅವರು ಕಲಿತದ್ದು ನಲವತ್ತರ ಮೇಲೆ.

ಸೊಂಟಕ್ಕೆ ಸ್ವಲ್ಪ ಆರೈಕೆ

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಸಾಕು. ಚಾಪೆಯ ಮೇಲೆ ಅಂಗಾತ ಮಲಗಿ. ಮಂಡಿ ಮಡಚಿ ಪಾದ ಊರಿ. ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಕ್ಕೆ ಎಳೆದು, ಸೊಂಟವನ್ನು ನೆಲಕ್ಕೆ ಒತ್ತಿ. ಐದು ಎಣಿಸಿ ಬಿಡಿ. ಹತ್ತು ಸಲ ಮಾಡಿ. ಇದರಿಂದ ಹೊಟ್ಟೆಯ ಸ್ನಾಯು ನಿಧಾನವಾಗಿ ಬಲವಾಗ್ತದೆ. ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳಿಯೇ ಶುರುಮಾಡಿ. ಬಿಸಿ ನೀರಿನ ಶಾಖವೂ ಹಿತ.

ಕೆಲವು ನೋವು ಮನೆಮದ್ದಿನದಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ನೋವು, ಕಾಲು ಜೋಮು ಹಿಡಿಯುವುದು, ಜ್ವರದ ಜೊತೆ ಬೆನ್ನು ನೋವು, ಇವು ಇದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೂತ್ರ ಹಿಡಿತಕ್ಕೆ ಸಿಗದಿದ್ದರೆ, ಅಥವಾ ಕಾಲಿಗೆ ಬಲವೇ ಇಲ್ಲದಿದ್ದರೆ, ಆ ದಿನವೇ ಹೋಗಿ. ದೂರ ಎಂದು ಕೂರಬೇಡಿ. 108ಕ್ಕೆ ಫೋನ್ ಮಾಡಿದರೆ ಗಾಡಿ ಬರ್ತದೆ.

ಆ ಜನವರಿಯ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ನಾವು ಆ ತಾಯಿಯ ಗಂಟು ಬಿಚ್ಚಿಸಿದೆವು. ಹೆಗಲ ಮೇಲೆ ಕೆಂಪು ಗೆರೆ ಎದ್ದಿತ್ತು. ಬಟ್ಟೆ ಹರಡಿ, ಗಂಟು ಮುಂದಕ್ಕೆ ತಂದು, ಕೂಸನ್ನು ಒಂದು ಗೇಣು ಮೇಲಕ್ಕೆ ಕಟ್ಟಿದೆವು. ಅವಳು ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ ನಡೆದು ನೋಡಿದಳು.

"ಹೇಗಿದೆ?"

"ಕೂಸು ಹಗುರ ಆಯ್ತು" ಎಂದು ನಕ್ಕಳು. ಆಮೇಲೆ ಸೊಂಟ ಮುಟ್ಟಿಕೊಂಡು, "ಇದು ಇನ್ನೂ ಇದೆ" ಎಂದಳು.

ಒಂದೇ ದಿನಕ್ಕೆ ಹೋಗುವ ನೋವಲ್ಲ ಅದು. ಮರುದಿನ ಅವಳು ಮನೆಯಿಂದ ಒಂದು ಗಟ್ಟಿ ಹತ್ತಿ ಸೀರೆ ತಂದಿದ್ದಳು. ಅದನ್ನು ಎರಡು ತುಂಡು ಮಾಡಿದಳು. ಒಂದು ಅವಳಿಗೆ. ಇನ್ನೊಂದನ್ನು ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಬಸುರಿ ಕೇಳಿ ತಗೊಂಡಳು.